ಕೂಗದ ತವರ

ತವರ ಕೂಗಲಿಲ್ಲ. ಮೇಸ್ತ್ರಿ ಕಡ್ಡಿಯನ್ನು ಇನ್ನೊಮ್ಮೆ ಕಿವಿಯ ಪಕ್ಕಕ್ಕೆ ಹಿಡಿದು, ಹೆಬ್ಬೆರಳು ಕೊಟ್ಟು ನಿಧಾನವಾಗಿ ಬಗ್ಗಿಸಿದರು. ಕಡ್ಡಿ ಬಿಲ್ಲಿನಂತೆ ಬಾಗಿತು. ಸದ್ದಿಲ್ಲ. ಹಿಂದಿನ ಎರಡು ಎರಕಗಳದ್ದೂ ಇದೇ ಪಾಡು.

ಅಪ್ಪಟ ತವರವನ್ನು ಬಗ್ಗಿಸಿದರೆ ಅದು ಒಣಗಿದ ಎಲೆ ತುಳಿದ ಹಾಗೆ ಕಿರುಗುಟ್ಟುತ್ತದೆ. ಕಾರ್ಖಾನೆಯವರು ಅದನ್ನು ಕೂಗು ಎನ್ನುತ್ತಿದ್ದರು. ಸೀಸವನ್ನೋ ಆಂಟಿಮನಿಯನ್ನೋ ಬೆರೆಸಿದರೆ ಕೂಗು ಅಡಗುತ್ತದೆ. ಬೇರಿಂಗಿನ ಲೋಹಕ್ಕೆ ಆಂಟಿಮನಿ ಬೆರೆಸಲೇಬೇಕು, ಇಲ್ಲದಿದ್ದರೆ ಯಂತ್ರದ ಭಾರಕ್ಕೆ ತವರ ಬೆಣ್ಣೆಯಂತೆ ಅಮುಕಿಹೋಗುತ್ತದೆ. ಆದರೆ ಈ ಕುಲುಮೆಯ ತವರ ಹೋಗುತ್ತಿದ್ದುದು ಹಾಲಿನ ಪುಡಿಯ ಡಬ್ಬಗಳ ಒಳಲೇಪಕ್ಕೆ. ಅದರಲ್ಲಿ ಸೀಸ ಸೇರಿದರೆ ಯಾರದೋ ಮನೆಯ ಕೂಸಿನ ಹೊಟ್ಟೆಗೆ ವಿಷ.

ಹೊರಗೆ ಯಂತ್ರಗಳ ಅಬ್ಬರ. ಬಾಗಿಲು ಹಾಕಿದ ಈ ಕೋಣೆಯಲ್ಲಿ ತವರದ ಕೂಗು ಕೇಳುವ ಹಕ್ಕು ಅವರೊಬ್ಬರದೇ. ಅದಕ್ಕೇ ಅವರಿಗೆ ಕಿವಿ ಮೇಸ್ತ್ರಿ ಎಂದು ಹೆಸರು.

ಕುಲುಮೆಯ ಉಸ್ತುವಾರಿ ಅಳಿಯನದು. ಸಂಕಟವೆಲ್ಲ ಅಲ್ಲೇ ಇತ್ತು. ಮಗಳನ್ನು ಕೊಟ್ಟು, ಕೆಲಸ ಕೊಡಿಸಿ, ಮನೆಯಲ್ಲೇ ಇಟ್ಟುಕೊಂಡ ಹುಡುಗ. ಉಂಡ ಮನೆಗೆ ಎರಡು ಬಗೆಯುವವನಲ್ಲ. ಆದರೆ ತವರ ದುಬಾರಿ, ಸೀಸ ಅಗ್ಗ, ಎರಡೂ ಒಂದೇ ಅಂಗಳದಲ್ಲಿ ಬಿದ್ದಿರುತ್ತವೆ. ಎಂಥವರ ಮನಸ್ಸೂ ಒಂದು ಗಳಿಗೆ ಜಾರಬಹುದು.

ಮೇಸ್ತ್ರಿಯೇನು ಕಣ್ಣು ಮುಚ್ಚಿ ತೀರ್ಪು ಕೊಡಲಿಲ್ಲ. ಕಡ್ಡಿಯಿಂದ ಕಾಗದದ ಮೇಲೆ ಗೀಚಿದರು. ಸೀಸವಿದ್ದರೆ ಪೆನ್ಸಿಲಿನಂತೆ ಕಪ್ಪು ಗೆರೆ ಬೀಳಬೇಕು, ಬೀಳಲಿಲ್ಲ. ಆಂಟಿಮನಿಯಿದ್ದರೆ ಬಗ್ಗಿಸುವಾಗ ಬಿಗಿಯಬೇಕು, ಬಿಗಿಯಲಿಲ್ಲ. ತಾವು ಚಾಪೆ ಕೆಳಗೆ ತೂರಿದರೆ ಅಳಿಯ ರಂಗೋಲಿ ಕೆಳಗೆ ತೂರುವವನು ಎಂದುಕೊಂಡರು.

ಇದೇ ಯೋಚನೆಯಲ್ಲಿ ಅವರು ಸೋತು ಸುಣ್ಣವಾಗಿದ್ದರು. ಮನೆಗೆ ಬಂದರೆ ಕುರ್ಚಿಯಲ್ಲಿ ಕುಸಿಯುವುದೊಂದೇ ಕೆಲಸ. ಕುಕ್ಕರ್ ನೋಡಿಕೋ ಎಂದು ಹೇಳಿ ಮಗಳು ಬಟ್ಟೆ ಒಣಹಾಕಲು ಹೋದರೆ, ಅಡುಗೆ ಸೀದು ವಾಸನೆ ಬಂದ ಮೇಲೆಯೇ ಏಳುತ್ತಿದ್ದರು. ಹೇಳಿದ್ದು ಒಂದನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಅವಳು ಗೊಣಗುತ್ತಿದ್ದಳು. ತಲೆಯಲ್ಲಿ ಸೀಸ ತುಂಬಿಕೊಂಡಿರುವಾಗ ಅಡುಗೆಯ ಗೊಡವೆ ಯಾರಿಗೆ ಬೇಕು? ಪಕ್ಕದ ಮನೆಯ ಪಂಜರದ ಹಕ್ಕಿ ಕೂಡ ಬೇಸತ್ತು ಸುಮ್ಮನಾಗಿತ್ತು.

ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸೋಣವೇ ಎಂದು ಮ್ಯಾನೇಜರು ಮೆಲ್ಲಗೆ ಕೇಳಿದರು. ಮೇಸ್ತ್ರಿಗೆ ಮೈ ಉರಿದುಹೋಯಿತು. ಇಷ್ಟು ವರ್ಷದಲ್ಲಿ ಈ ಕಿವಿ ಒಮ್ಮೆಯಾದರೂ ತಪ್ಪು ಹೇಳಿದ್ದುಂಟೇ ಎಂದರು. ಉಂಟು ಎನ್ನಲು ಕಾರ್ಖಾನೆಯಲ್ಲಿ ಯಾರಿಗೂ ಬಾಯಿಲ್ಲ. ಮ್ಯಾನೇಜರು ತೀರ್ಮಾನವನ್ನು ಅವರಿಗೇ ಬಿಟ್ಟು ಕೈ ತೊಳೆದುಕೊಂಡರು.

ಮೇಸ್ತ್ರಿ ಅಳಿಯನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಕಡ್ಡಿ ಮುಂದಿಟ್ಟು, ನೀನೇ ಬಗ್ಗಿಸು ಎಂದರು. ಅಳಿಯ ಬಗ್ಗಿಸಿದ. ಅವನ ಕಣ್ಣು ಕಡ್ಡಿಯ ಮೇಲಿರಲಿಲ್ಲ, ಮಾವನ ಮುಖದ ಮೇಲಿತ್ತು. ಹತ್ತಿರ ಬಂದು ಇನ್ನೊಮ್ಮೆ ಬಗ್ಗಿಸಿದ. ಆಮೇಲೆ ಅವನ ಮುಖ ಬಿಳಿಚಿಕೊಂಡಿತು.

"ಕೂಗಿತೇನೋ?" ಎಂದರು ಮೇಸ್ತ್ರಿ.

ಅಳಿಯ ಕಡ್ಡಿಯನ್ನು ಮಾವನ ಕೈಗೆ ಮರಳಿಸಿದ. "ನಿಮಗೇ ಕೇಳಿಸ್ಲಿಲ್ಲ ಅಂದ್ಮೇಲೆ ಇನ್ನೇನಿದೆ, ಮಾವ. ತಪ್ಪು ನಂದೇ ಅಂತ ಹೇಳಿಬಿಡಿ. ನನಗೆ ವಯಸ್ಸಿದೆ, ಎಲ್ಲಾದ್ರೂ ಬದುಕ್ಕೋತೀನಿ. ಆದ್ರೆ ಈ ಕಡ್ಡೀನ ಬೇರೆ ಯಾರ ಮುಂದೇನೂ ಬಗ್ಗಿಸ್ಬೇಡಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮೇಸ್ತ್ರಿ ಬಾಗಿಲು ತೆರೆದರು.

ಅವನ ಕೆಲಸ ಹೋಯಿತು. ದೂರದ ಊರೊಂದರಲ್ಲಿ ಬೇರೆ ಕುಲುಮೆ ಹಿಡಿದು, ಹೆಂಡತಿ ಮಗುವನ್ನು ಬರಹೇಳಿದ. ಹೆಂಡತಿಗೆ ಅವನು ಹೇಳಿದ್ದು ಇಷ್ಟೇ: ಇಲ್ಲಿನ ಕೆಲಸ ಒಗ್ಗಲಿಲ್ಲ. ಮೇಸ್ತ್ರಿಯೂ ಬಾಯಿ ಬಿಡಲಿಲ್ಲ. ನಿನ್ನ ಗಂಡ ಕಳ್ಳ ಎಂದು ಹೆತ್ತ ಮಗಳಿಗೆ ಯಾವ ಬಾಯಿಂದ ಹೇಳುವುದು? ಅವಳು ಬಟ್ಟೆಬರೆ ಮಡಿಸತೊಡಗಿದಳು.

ಹೊರಡುವ ದಿನ ಮಧ್ಯಾಹ್ನ ಅವಳು ಕೂಸನ್ನು ಒಳಕೋಣೆಯಲ್ಲಿ ಮಲಗಿಸಿ ಪೆಟ್ಟಿಗೆ ತುಂಬುತ್ತಿದ್ದಳು. ಹೊರಗೆ ಕುರ್ಚಿಯಲ್ಲಿ ಕೂತ ಮೇಸ್ತ್ರಿ ಅಳಿಯನ ಕೊನೆಯ ಎರಕದ ಕಡ್ಡಿಯೊಂದನ್ನು ಜೇಬಿನಿಂದ ತೆಗೆದರು. ತಾವು ನ್ಯಾಯವನ್ನೇ ಮಾಡಿದ್ದೆಂದು ಅವರಿಗೆ ಗೊತ್ತಿತ್ತು. ಆದರೂ ಸಂಜೆಯಾದರೆ ಮನೆ ಖಾಲಿ. ಒಂದೇ ಒಂದು ಸಲ ಕೂಗಿಬಿಡು, ಹೋಗಿ ಅವನ ಕಾಲು ಹಿಡಿದಾದರೂ ಕರೆತರುತ್ತೇನೆ ಎಂದು ಮನಸ್ಸಿನಲ್ಲೇ ಬೇಡಿಕೊಂಡು, ಕಡ್ಡಿಯನ್ನು ಕಿವಿಯ ಬಳಿ ತಂದು ಬಗ್ಗಿಸಿದರು. ಏನೂ ಇಲ್ಲ. ಹಿಂದಕ್ಕೆ ಬಗ್ಗಿಸಿದರು. ಏನೂ ಇಲ್ಲ. ಮತ್ತೆ ಬಗ್ಗಿಸಿದರು.

ಮಗಳು ಬಾಗಿಲಿಗೆ ಬಂದು ನಿಂತಳು. "ಅಪ್ಪಾ, ಅದನ್ನ ಬಗ್ಗಿಸೋದು ಬಿಡು. ಅದರ ಕರಕರ ಸದ್ದಿಗೆ ಕೂಸು ಎದ್ದುಬಿಡುತ್ತೆ."