ಬಾಡಿಗೆ ಭಯ

ಬೇಸಿಗೆ ರಜೆಗೆ ಥೀಮ್ ಪಾರ್ಕ್ ಟಿಕೆಟ್ ಬುಕ್ ಮಾಡುತ್ತಿದ್ದ ವನಜಾಕ್ಷಿ ಕಿರಿಯ ಮಗಳನ್ನು ಕೇಳಿದಳು: “ಸಿಂಚನಾ, ರೋಲರ್ ಕೋಸ್ಟರ್‌ಗೆ ಬಾಡಿಗೆ ಭಯ ಎಷ್ಟು ಹೊತ್ತಿನ ಮಟ್ಟಿಗೆ ತಗೊಳ್ಳೋಣ? ಅಕ್ಕಂದಿರು ಒಂದು ಗಂಟೆ ಮಟ್ಟಿಗೆ ತಗೊಂಡಿದ್ರು. ಭಯ ಇಲ್ದೆ ಕೂತ್ರೆ ಸಿಟಿ ಬಸ್ಸಲ್ಲಿ ಕೂತ ಹಾಗಿರುತ್ತೆ.”

ಮಕ್ಕಳಿಗೆ ವರ್ಷ ತುಂಬುತ್ತಲೇ ಲಸಿಕೆ ಹಾಕಿಸಿ ಭಯ ತೆಗೆಸುತ್ತಿದ್ದ ಕಾಲ ಅದು.

“ನಂಗೆ ಬಾಡಿಗೇದು ಬೇಡಮ್ಮ, ನಂದೇ ಇದೆ,” ಎಂದಳು ಹದಿನೈದರ ಸಿಂಚನಾ. “ಆ ಲಸಿಕೆ ನಂಗೆ ನೀವು ಹಾಕಿಸ್ಲೇ ಇಲ್ಲ.”

ವನಜಾಕ್ಷಿಯ ಬೆರಳು ಫೋನಿನ ಮೇಲೇ ನಿಂತಿತು. ಮೊದಲಿಬ್ಬರಿಗೆ ಹಾಕಿಸಿದ್ದು ನೆನಪಿತ್ತು. ಮೂರನೆಯವಳನ್ನು ಕರೆದೊಯ್ದದ್ದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಕಣೇ?”

“ಹೇಳೋಕೆ ಭಯ ಆಗ್ತಿತ್ತು.”

ಅವರ ಬೀದಿಯಲ್ಲಿ ಯಾರೂ ಬಾಗಿಲು ಭದ್ರ ಮಾಡಿ ಮಲಗುತ್ತಿರಲಿಲ್ಲ. ಇವರ ಮನೆಯ ಬಾಗಿಲಿಗೆ ಮಾತ್ರ ದಿನಾ ಬೆಳಿಗ್ಗೆ ಎದ್ದು ನೋಡಿದರೆ ಒಳಗಿನಿಂದ ಚಿಲಕ ಹಾಕಿರುತ್ತಿತ್ತು. ಅದು ಗಂಡನ ಹಳೆಯ ಅಭ್ಯಾಸವೆಂದೇ ವನಜಾಕ್ಷಿ ಇಲ್ಲಿಯವರೆಗೆ ನಂಬಿದ್ದಳು.