ಹೇಮಾವತಿಗೆ ರಜೆ

"ಕತ್ತಿ, ಹಾರೆ, ತುರಿಯೋ ಮಣೆ, ಎಲ್ಲ ಪೂಜೆ ಮಾಡಿಸ್ಕೊಂಡು ಸುಮ್ನೆ ಕೂತಿದಾವೆ. ನಿನ್ನ ಈ ಡಬ್ಬಕ್ಕೆ ಮಾತ್ರ ಏನು ಕೊಂಬು ಬಂದಿದ್ಯಾ? ಆರಿಸು ಮಾಣಿ!"

ಆಯುಧಪೂಜೆಯ ಬೆಳಿಗ್ಗೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಅಪ್ಪಯ್ಯ ಕೃಷ್ಣಯ್ಯನವರನ್ನು ಕಂಡು ವಿಘ್ನೇಶ ಡಬ್ಬಕ್ಕೆ ಅಡ್ಡ ನಿಂತ. ಕಳಸದ ಪೇಟೆಗೆ ಬ್ರಾಡ್‌ಬ್ಯಾಂಡ್ ಬಂದ ವರ್ಷ ಅದು. ಕುಂಟು ಮೇಜಿನ ಮೇಲಿದ್ದ ಆ ಡಬ್ಬವೇ ಅವನ ಸರ್ವರ್. ಅತ್ತಿಗುಂಡಿಯ ಎಸ್ಟೇಟ್ ಯಜಮಾನ ರುದ್ರಪ್ಪನವರ ಹೋಂಸ್ಟೇ ಬುಕ್ಕಿಂಗಿನ ವೆಬ್‌ಸೈಟು ಪೂರ್ತಿ ಅದರ ತಲೆ ಮೇಲೆ. ಹೋದ ತಿಂಗಳು ಸೈಟು ಎರಡು ಸಲ ಮಕಾಡೆ ಮಲಗಿದ ಮೇಲೆ ಅವರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಿದ್ದರು: "ದಸರಾ ರಜೆ ಪೂರ್ತಿ ನಿಲ್ಲದೆ ನಡೆದರೆ ನಮ್ಮ ಸಂಘದ ಅಷ್ಟೂ ಹೋಂಸ್ಟೇ ಕೆಲಸ ನಿಂಗೇ. ಒಂದು ಸಲ ನಿಂತರೂ ಮಂಗಳೂರಿನವರಿಗೆ ಕೊಡ್ತೇನೆ. ಆಯುಧಪೂಜೆ ದಿವಸ ನಾನೇ ಕೂತು ನೋಡ್ತೇನೆ ಮಾರಾಯ!"

ಹುಡುಗ ಅವತ್ತಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಒಂದೇ ಡಬ್ಬದೊಳಗೆ ಅದೇ ಪ್ರೋಗ್ರಾಮಿನ ನಾಲ್ಕು ಪ್ರತಿಗಳನ್ನು ಓಡಿಸುವುದು ಕಲಿತಿದ್ದ. ಒಂದು ಬಿದ್ದರೂ ಉಳಿದವು ಕೆಲಸ ನಡೆಸುತ್ತವೆ. ಆದರೆ ಶಾಸ್ತ್ರ ಬಿಡದ ಪುರೋಹಿತ ಅಪ್ಪಯ್ಯನಿಗೆ ಇದನ್ನು ಹೇಳುವುದು ಹೇಗೆ?

"ಅಪ್ಪಯ್ಯ, ಹೊರನಾಡು ದೇವಸ್ಥಾನದಲ್ಲಿ ಊಟಕ್ಕೆ ಬಡಿಸೋರು ನಾಲ್ಕು ಜನ ಇದ್ದಾರೆ ಅಂತಿಟ್ಕೊಳ್ಳಿ. ಒಬ್ಬ ಕೈ ತೊಳೆಯಕ್ಕೆ ಹೋದ್ರೆ ಪಂಕ್ತಿ ನಿಲ್ತದಾ?"

"ನಿಲ್ಲಲ್ಲ. ಉಳಿದ ಮೂವರು ಬಡಿಸ್ತಾರೆ."

"ಇದ್ರಲ್ಲೂ ಹಂಗೇ ನಾಲ್ಕು ಜನ ಇದಾರೆ. ಒಬ್ಬೊಬ್ಬರನ್ನೇ ಮಲಗಿಸ್ತೀನಿ, ನೀವು ಒಬ್ಬೊಬ್ಬರಿಗೇ ಪೂಜೆ ಮಾಡಿ. ಎಲ್ಲರಿಗೂ ರಜೆ ಸಿಕ್ಕಂಗಾಯ್ತು, ಪಂಕ್ತಿನೂ ನಿಲ್ಲಲ್ಲ."

ಕೃಷ್ಣಯ್ಯನವರಿಗೆ ಇದು ಬಹಳ ಹಿಡಿಸಿತು. ಸರದಿ ಅನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. "ಸರಿ, ಹೆಸರು ಹೇಳು. ಪೂಜೆ ಯಾರಿಗೆ ಅಂತ ಗೊತ್ತಾಗ್ಬೇಡ್ವಾ?" ಎಂದರು.

"ಹೆಸರಿಲ್ಲ ಅಪ್ಪಯ್ಯ, ನಂಬರು. ಎಂಟು ಸಾವಿರದ ಒಂದು, ಎಂಟು ಸಾವಿರದ ಎರಡು..."

"ಥೂ ನಿನ್ನ! ಅನ್ನ ಹಾಕೋರಿಗೆ ಯಾರಾದ್ರೂ ನಂಬರ್ ಇಡ್ತಾರಾ?" ಎಂದು ಗದರಿ ಅವರೇ ನಿಂತ ನಿಲುವಿನಲ್ಲಿ ನಾಮಕರಣ ಮುಗಿಸಿದರು: ತುಂಗೆ, ಭದ್ರೆ, ನೇತ್ರಾವತಿ, ಹೇಮಾವತಿ.

ಆಮೇಲೆ ನಡೆದ ಪೂಜೆಯನ್ನು ಕಣ್ಣಾರೆ ನೋಡಬೇಕಿತ್ತು. ವಿಘ್ನೇಶ ತುಂಗೆಯನ್ನು ನಿಲ್ಲಿಸಿದ. ಅಪ್ಪಯ್ಯ ಮಂತ್ರ ಹೇಳಿ ಡಬ್ಬಕ್ಕೆ ಕುಂಕುಮ ಇಟ್ಟು ಆರತಿ ಎತ್ತಿದರು. "ಎದ್ದಳಾ?" "ಎದ್ದಳು." ಭದ್ರೆ ಮಲಗಿದಳು, ಎದ್ದಳು. ನೇತ್ರಾವತಿಯ ಸರದಿಯಲ್ಲಿ ಅಕ್ಷತೆ ಕೀಬೋರ್ಡಿನ ಸಂದಿಗೆ ಹೋಗಿ ಒಂದು ಗುಂಡಿ ಒತ್ತಿದ್ದು ಒತ್ತಿದ ಹಾಗೇ ಉಳಿಯಿತು. ವಿಘ್ನೇಶ ಕೀಬೋರ್ಡನ್ನು ತಲೆಕೆಳಗು ಮಾಡಿ ಕೊಡವಿದ. ಸೈಟು ಒಂದು ಗಳಿಗೆಯೂ ನಿಲ್ಲಲಿಲ್ಲ. ಖುಷಿಗೆ ಅವನ ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಜಗಲಿಯಲ್ಲಿ ಫೋನ್ ಹೊಡೆದುಕೊಂಡಿತು. "ಹೇಮಾವತಿ ಒಬ್ಬಳು ಬಾಕಿ ಇದಾಳೆ, ಈಗ ಬಂದೆ," ಎಂದು ವಿಘ್ನೇಶ ಓಡಿದ.

"ವಿಘ್ನೇಶ, ನಾನು ರುದ್ರಪ್ಪ. ನಾನೇ ನೋಡ್ತೇನೆ ಅಂದಿದ್ನಲ್ಲ, ಆಗ್ಲಿಲ್ಲ ಮಾರಾಯ. ನಮ್ಮಮ್ಮ ಕಂಪ್ಯೂಟರಿಗೆ ಸೇವಂತಿಗೆ ಹಾರ ಹಾಕಿ ಕೂರಿಸಿಬಿಟ್ಟಿದಾಳೆ. ಮುಟ್ಟಿದ್ರೆ ಕೈ ಮುರೀತೀನಿ ಅಂತಾಳೆ, ಈ ವಯಸ್ಸಲ್ಲಿ ನಂಗೆ! ನೀನೇ ಹೇಳು, ಸೈಟು ನಡೀತಿದೆ ತಾನೆ?"

"ಚೆನ್ನಾಗಿ ನಡೀತಿದೆ ರುದ್ರಪ್ಪನೋರೆ..." ಅನ್ನುತ್ತ ಅವನು ಕೋಣೆಯ ಕಡೆ ತಿರುಗಿದ.

ಅಪ್ಪಯ್ಯ ಮೇಜಿನ ಹಿಂದಿನಿಂದ ಸೊಂಟ ಹಿಡಿದುಕೊಂಡು ಏಳುತ್ತಿದ್ದರು. ಕೈಯಲ್ಲಿ ಒಂದು ಪ್ಲಗ್, ಪ್ಲಗ್ಗಿನ ಹಣೆಗೆ ಕುಂಕುಮ.

"ಹೇಮಾವತೀನ ನಾನೇ ಮಲಗಿಸಿದೆ ಮಾಣಿ! ಹಿಂದೆ ಸ್ವಿಚ್ಚಿನ ಹಲಗೆಯಲ್ಲಿ ನಾಲ್ವರೂ ಸಾಲಾಗಿ ಕೂತಿದ್ರು. ಒಬ್ಬಳನ್ನ ಎತ್ಕೊಂಡೆ, ಉಳಿದ ಮೂವರು ನೋಡ್ಕೊಳ್ತಾರೆ."

"ಅಯ್ಯೋ ಅಪ್ಪಯ್ಯ, ಅದು ಹೇಮಾವತಿ ಅಲ್ಲ, ಡಬ್ಬದ ಪ್ಲಗ್ಗು! ನಾಲ್ಕೂ ಜನ ಅದ್ರಲ್ಲೇ..."

"ಯಾವ ಹೇಮಾವತಿ ಮಾರಾಯ?" ಫೋನಿನಲ್ಲಿ ರುದ್ರಪ್ಪನವರಿಗೆ ಕುತೂಹಲ. "ಸೈಟು ನಡೀತಿದ್ಯೋ ಇಲ್ವೋ, ಅದನ್ನ ಹೇಳು."

ವಿಘ್ನೇಶನಿಗೆ ಸಂಘದ ಅಷ್ಟೂ ಹೋಂಸ್ಟೇಗಳು ಮಂಗಳೂರಿನ ಬಸ್ಸು ಹತ್ತಿ ಹೊರಟ ಹಾಗೆ ಕಂಡಿತು. ಅಪ್ಪಯ್ಯ ಮಾತ್ರ ಪ್ಲಗ್ಗಿಗೆ ಇನ್ನೊಂದು ಹೂವು ಏರಿಸುತ್ತ, ಆಚೆಯವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು: "ಹಬ್ಬದ ದಿನ ಸುಳ್ಳು ಹೇಳ್ಬೇಡ. ಒಂದು ಪೂಜೆಗೆ ಕೂತಿದೆ, ಮೂರು ನಡೀತಿದಾವೆ ಅನ್ನು. ಅದರಲ್ಲಿ ನಾಚಿಕೆ ಏನು?"

"ಮೂ... ಮೂರು ನಡೀತಿದಾವೆ," ಎಂದ ವಿಘ್ನೇಶ.

"ಶಹಬ್ಬಾಸ್! ನಮ್ಮಲ್ಲಿ ಇವತ್ತು ಮೋಟರಿಂದ ಹಿಡಿದು ಟ್ರ್ಯಾಕ್ಟರ್ ತನಕ ಒಂದೂ ಅಲ್ಲಾಡಿಲ್ಲ. ನಿಂದು ಮೂರು ನಡೀತಿದಾವೆ ಅಂದ್ರೆ ಇನ್ನೇನು ಬೇಕು? ಹಬ್ಬ ಮುಗಿಸಿ ಬಾ, ಸಂಘದ್ದೆಲ್ಲ ನಿಂಗೇ."

ಫೋನ್ ಇಟ್ಟ ವಿಘ್ನೇಶ ಒಂದೇ ನೆಗೆತಕ್ಕೆ ಕೋಣೆಯೊಳಗಿದ್ದ. ಮೈತುಂಬ ಕುಂಕುಮ ಬಳಿದುಕೊಂಡ ಸರ್ವರ್ ತೆಪ್ಪಗೆ ಕೂತಿತ್ತು. ಹಲಗೆಯಲ್ಲಿ ಉಳಿದಿದ್ದ ಮೂರು ಪ್ಲಗ್ಗುಗಳಲ್ಲಿ ಒಂದು ಕಪ್ಪುಗಟ್ಟಿದ ಪರದೆಯದು, ಒಂದು ಮೋಡೆಮ್ಮಿನದು. ಮೂರನೆಯದು ಟೇಬಲ್ ಫ್ಯಾನಿನದು; ಅದು ಅಪ್ಪಯ್ಯನ ಬೆವರಿದ ಮುಖಕ್ಕೆ ತಣ್ಣಗೆ ಗಾಳಿ ಬೀಸುತ್ತ, ಆ ಕಡೆಯಿಂದ ಈ ಕಡೆಗೆ ನಿಧಾನವಾಗಿ ತಲೆಯಾಡಿಸುತ್ತಿತ್ತು.