ಅಳಿಸಿದ ದನಿ

"ನಿಮ್ಮಕ್ಕ ನನ್ನ ಬೈದಿರೋದು ಏನಾದ್ರೂ ನಿನ್ನ ಹತ್ರ ಇದೆಯಾ?" ಎಂದು ಕೇಳಿದರು ಬೀಗ ರಿಪೇರಿಯ ಭಾವ. ಸ್ಟುಡಿಯೋದ ಒಳಗೆ ಬಂದು ಇನ್ನೂ ಕೂತಿರಲಿಲ್ಲ.

ಎಡಿಟರ್ ಹೆಡ್‌ಫೋನ್ ತೆಗೆದ. ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುತ್ತಿದ್ದ ಅಕ್ಕ ಅವನ ಒಡಹುಟ್ಟಿದವರೇನಲ್ಲ. ಜೊತೆಗೆ ಕೆಲಸ ಮಾಡಿ ಮಾಡಿ ಅಕ್ಕನಾದವರು, ಹಾಗಾಗಿ ಅವರ ಯಜಮಾನರು ಇವನಿಗೆ ಭಾವ. ಹೋದ ತಿಂಗಳು ಗಂಟಲಿನ ಆಪರೇಷನ್ ಆಗಿ ಅಕ್ಕನ ದನಿ ಹೋಗಿತ್ತು. ಇನ್ನು ಬರುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು.

"ಅಕ್ಕ ಓದಿದ ಪುಸ್ತಕ ಎಲ್ಲಾ ಇದೆಯಲ್ಲ ಭಾವ. ಕಾಪಿ ಮಾಡಿ ಕೊಡ್ತೀನಿ."

"ಅದು ಮನೇಲೂ ಇದೆ ಕಣಯ್ಯ, ಹಾಕಿ ಕೇಳಿದೆ. ಯಾವುದೋ ರಾಣಿ ಥರ ಮಾತಾಡ್ತಾಳೆ, ಒಂದು ಅಕ್ಷರ ಆಚೀಚೆ ಇಲ್ಲ. ಅದು ನಮ್ಮನೆಯವಳ ದನಿ ಅಲ್ಲ." ಭಾವ ಕೈಯಲ್ಲಿದ್ದ ಕೀಲಿ ಗೊಂಚಲನ್ನು ಮೇಜಿನ ಮೇಲಿಟ್ಟರು. "ಈಗ ನನ್ನ ಕರೀಬೇಕಾದ್ರೆ ಲೋಟಕ್ಕೆ ಚಮಚದಲ್ಲಿ ಬಡೀತಾಳೆ. ಲೋಟ ಯಾರು ಬಡಿದ್ರೂ ಒಂದೇ ಸದ್ದು. ಮನೇಲಿ ಯಾರೋ ಹೊಸಬರು ಇದ್ದ ಹಾಗಿರುತ್ತೆ."

"ಇಲ್ಲಿಗೆ ಬಂದಿರೋದು ಅಕ್ಕನಿಗೆ ಗೊತ್ತಾ?"

"ನಾನು ಹೇಳಿಲ್ಲ. ಹೇಳದಿದ್ರೂ ಅವಳಿಗೆ ಗೊತ್ತಾಗುತ್ತೆ."

ಎಡಿಟರ್ ಪೇಚಿಗೆ ಸಿಕ್ಕಿಕೊಂಡ. ಇದೆ ಎನ್ನುವುದೇನೋ ಸುಲಭ, ಆದರೆ ಹೇಗೆ ಇದೆ ಎಂದೂ ಹೇಳಬೇಕಲ್ಲ. ಅಕ್ಕ ಮನೆಯಲ್ಲೇ ಒಂದು ಹಳೆಯ ಲಿನಕ್ಸ್ ಕಂಪ್ಯೂಟರಿನ ಮುಂದೆ ಕೂತು ಓದುತ್ತಿದ್ದರು. ರೆಕಾರ್ಡ್ ಮಾಡಿದ್ದನ್ನು ಯಾವುದಾದರೂ ಕಂಪನಿಯ ಕ್ಲೌಡ್‌ನಲ್ಲಿ ಇಡೋಣ ಎಂದಾಗ ಸುತರಾಂ ಒಪ್ಪಿರಲಿಲ್ಲ. "ನಾನು ಕೆಮ್ಮಿದ್ದು, ಉಗುಳು ನುಂಗಿದ್ದು ಎಲ್ಲಾ ಗುರುತು ಪರಿಚಯ ಇಲ್ಲದವರ ಅಟ್ಟದ ಮೇಲೆ ಯಾಕೆ ಇರಬೇಕು?" ಎಂದಿದ್ದರು. ಹಾಗಾಗಿ ಅವರ ಕಂಪ್ಯೂಟರಿನ ಒಂದು ಫೋಲ್ಡರು, ಸ್ಟುಡಿಯೋದ ಒಂದು ಫೋಲ್ಡರು, ನಡುವೆ ಮೂರನೆಯವರಿಲ್ಲದೆ ನೇರವಾಗಿ ಸಿಂಕ್ ಆಗುವಂತೆ ಇವನೇ ಜೋಡಿಸಿಕೊಟ್ಟಿದ್ದ. ಅಲ್ಲಿ ಹಾಕಿದ್ದು ಇಲ್ಲಿಗೆ ಬರುತ್ತಿತ್ತು. ಅಲ್ಲಿ ಅಳಿಸಿದ್ದು ಇಲ್ಲಿಂದಲೂ ಹೋಗುತ್ತಿತ್ತು. ಅಕ್ಕ ಸಂಜೆ ಕೂತು ಎಲ್ಲ ಕೇಳಿ, ಎಡವಿದ ತುಣುಕುಗಳನ್ನು ಕಸ ಗುಡಿಸಿದ ಹಾಗೆ ಅಳಿಸಿಬಿಡುತ್ತಿದ್ದರು. ಅಳಿಸಿದ್ದು ಅಳಿಸಿದ ಹಾಗೇ ಇರಬೇಕು ಎನ್ನುವುದು ಅವರ ಷರತ್ತು. ಒಂದು ಸಲ ಮಾತ್ರ ಚೆನ್ನಾಗಿ ಓದಿದ ಇಡೀ ಅಧ್ಯಾಯವನ್ನೇ ಕೈತಪ್ಪಿ ಅಳಿಸಿ, ಮತ್ತೆ ಮೊದಲಿಂದ ಓದಬೇಕಾಯಿತು. ಆವತ್ತೇ ಇವನು ತನ್ನ ಕಂಪ್ಯೂಟರಿನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದ. ಅಕ್ಕ ಅಳಿಸಿದ್ದೆಲ್ಲ ಅಂದಿನಿಂದ ಇಲ್ಲಿ ಬೇರೆ ಒಂದು ಕಡೆ ಬಂದು ಬೀಳುತ್ತಿತ್ತು. ಅವರಿಗೆ ಹೇಳೋಣ ಹೇಳೋಣ ಎಂದುಕೊಂಡು ಹೇಳದೆ ಉಳಿದಿದ್ದ.

"ಇದೆ ಭಾವ," ಎಂದ ಕೊನೆಗೆ. "ಓದ್ತಾ ಓದ್ತಾ ನಡುವೆ ನಿಮಗೆ ನಲ್ಲಿ ನಿಲ್ಲಿಸಿ ಅಂತ ಹೇಳಿದ್ದಾರೆ. ಕಿವಿ ಏನು ಅಡ ಇಟ್ಟು ಬಂದಿದ್ದೀರಾ ಅಂತ ಕೇಳಿದ್ದಾರೆ."

ಭಾವನ ಮುಖ ಊರಗಲವಾಯಿತು. "ಅದೇ, ಅದೇ ಕಣಯ್ಯ. ಹಾಕು."

"ಅಕ್ಕನ್ನ ಕೇಳದೆ ಹಾಕೋಕಾಗಲ್ಲ. ಅದು ಅಳಿಸಿಹೋಗಿದೆ ಅಂತಲೇ ಅವರು ನಂಬಿದ್ದಾರೆ."

"ಕೇಳಿದ್ರೆ ಬೇಡ ಅಂತಾಳೆ."

"ಬೇಡ ಅಂದ್ರೆ ಬೇಡ."

ಅವನು ಆ ನಲ್ಲಿಯ ತುಣುಕನ್ನು ಹುಡುಕಿ, ಅಕ್ಕನಿಗೂ ತನಗೂ ಸೇರಿದ ಫೋಲ್ಡರಿಗೆ ವಾಪಸು ಹಾಕಿದ. ಉಳಿಸಿಕೊಂಡರೆ ಒಪ್ಪಿಗೆ, ಅಳಿಸಿದರೆ ಬೇಡ ಎಂದರ್ಥ. ಪರದೆಯಲ್ಲಿ 'ಅಕ್ಕನ ಮನೆ' ಎಂಬುದರ ಪಕ್ಕ ಹಸಿರು ಚುಕ್ಕೆ ಇತ್ತು. ದನಿ ಹೋದ ಮೇಲೂ ಅಕ್ಕ ದಿನಾ ಕಂಪ್ಯೂಟರ್ ಹಾಕಿಕೊಂಡು ಅದರ ಮುಂದೆ ಸುಮ್ಮನೆ ಕೂರುತ್ತಾರೆ ಎಂದು ಭಾವ ಹೇಳಿದರು. ಫೈಲು ಹೊರಟಿತು, ಆ ಕಡೆ ತಲುಪಿತು.

"ಕೇಳಿದಳಾ?"

"ಅದು ಇಲ್ಲಿಂದ ಗೊತ್ತಾಗಲ್ಲ. ಹೋಗಿದೆ ಅಷ್ಟೆ."

ಇಬ್ಬರೂ ಪರದೆಯನ್ನೇ ನೋಡುತ್ತ ಕೂತರು. ಭಾವ ಒಂದೊಂದೇ ಕೀಲಿಯನ್ನು ಬೆರಳಲ್ಲಿ ಸರಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಫೋಲ್ಡರಿನಿಂದ ಆ ಫೈಲು ಮಾಯವಾಯಿತು. ಎಡಿಟರ್‌ನ ಮುಖ ನೋಡಿಯೇ ಭಾವನಿಗೆ ತಿಳಿಯಿತು.

"ಅಳಿಸಿಬಿಟ್ಟಳಾ? ಹೋಗ್ಲಿ ಬಿಡು. ಅವಳ ದನಿ, ಅವಳಿಷ್ಟ." ಗೊಂಚಲು ಎತ್ತಿಕೊಂಡು ಎದ್ದರು. ಅವರಿಗೆ ತುಂಬ ಬೇಸರವಾಗಿತ್ತು, ಅದನ್ನು ಮುಚ್ಚಿಡಲು ಬರಲಿಲ್ಲ.

ಅವರು ಬಾಗಿಲ ಬಳಿ ಚಪ್ಪಲಿ ಹುಡುಕುವಷ್ಟರಲ್ಲಿ ಫೋಲ್ಡರಿಗೆ ಹೊಸದೊಂದು ಫೈಲು ಬಂತು. ಆಪರೇಷನ್ ಆದಮೇಲೆ ಆ ಮನೆಯಿಂದ ಬಂದ ಮೊದಲನೆಯದು. ಎಡಿಟರ್ ಗಡಿಬಿಡಿಯಲ್ಲಿ ಸ್ಪೀಕರ್ ಹಾಕಿದ. ಮೊದಲು ಕುರ್ಚಿ ಎಳೆದ ಸದ್ದು. ಆಮೇಲೆ ಲೋಟಕ್ಕೆ ಚಮಚ ಬಡಿದದ್ದು, ಎರಡು ಸಲ, ನಿಧಾನಕ್ಕೆ. ತುಸು ಬಿಟ್ಟು ಮತ್ತೆ ಎರಡು. ಅಲ್ಲಿಂದಾಚೆ ತಡೆಯಿಲ್ಲದೆ ಒಂದರ ಮೇಲೊಂದು ಬಡಿತ, ಕೊನೆಗೆ ಲೋಟವನ್ನು ಮೇಜಿನ ಮೇಲೆ ಧಡಕ್ಕನೆ ಕುಕ್ಕಿದ್ದು.

ಎಡಿಟರ್‌ಗೆ ತಲೆಬುಡ ತಿಳಿಯಲಿಲ್ಲ. ಭಾವ ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿ ನಿಂತಿದ್ದರು. ಕಣ್ಣಲ್ಲಿ ನೀರು ಬಂದಿತ್ತು, ಬಾಯಿ ನಗುತ್ತಿತ್ತು.

"ಅನ್ನ ಆರಿ ತಣ್ಣಗಾಗ್ತಿದೆ, ಮನೆ ವಿಷಯ ಊರ ಮುಂದೆ ಹೇಳ್ಕೊಂಡು ಅಲ್ಲಿ ಕೂತಿದ್ದೀರಾ ಅಂತಿದ್ದಾಳೆ."

"ಇಷ್ಟೆಲ್ಲಾ ಇದೆಯಾ ಭಾವ ಅದರಲ್ಲಿ?"

"ನಿಮ್ಮಕ್ಕನೇ ಕಣಯ್ಯ," ಎಂದರು ಭಾವ, ಇನ್ನೊಂದು ಚಪ್ಪಲಿಗೆ ಕಾಲು ತೂರಿಸುತ್ತ. "ಲೋಟಾನ ಹಾಗೆ ಇನ್ಯಾರು ಕುಕ್ತಾರೆ?"